ಉಡುಗೊರೆ, ದೇಣಿಗೆ ಹಣದ ಬಗ್ಗೆ ಎಲ್ಲರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಬೀಳ್ಕೊಡುಗೆಯ ಉಡುಗೊರೆಗೂ, ಜೊತೆಗೆ ಒಂದು ಸಂಸ್ಥೆಗೆ ಕೊಡುವ ದೇಣಿಗೆಗೂ ಹಣ ಕೂಡಿಸುವುದನ್ನು ಇವತ್ತಿಂದ ಶುರು ಮಾಡೋಣ. (ಯಾರನ್ನು ಬೀಳ್ಕೊಡುತ್ತಿದ್ದೇವೋ ಅವರನ್ನು ಈ ಗುಂಪಿಗೆ ಸೇರಿಸಿಲ್ಲ, ಅಪ್ಪಿತಪ್ಪಿಯೂ ಸೇರಿಸಬೇಡಿ!)

ತಲೆಗೆ ಇಷ್ಟು ಅಂತ ನಿಗದಿಯಿಲ್ಲ. ಕೈಲಾದಷ್ಟು ಕೊಡಿ, ಆಗದಿದ್ದರೆ ಬಿಡಿ. ಕಾರ್ಡಿನಲ್ಲಿ ಎಲ್ಲರ ಹೆಸರೂ ಇರುತ್ತದೆ. ಹಣ ಹಾಕಿದ ಸ್ಕ್ರೀನ್‌ಶಾಟ್ ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿ. ಒಬ್ಬರು ದೊಡ್ಡ ಮೊತ್ತ ತೋರಿಸಿದರೆ ಸಾಕು, ಮುಂದಿನವರು ಸಣ್ಣದು ಕೊಡಲು ಮುಜುಗರಪಡುತ್ತಾರೆ, ಕೆಲವರು ಸುಮ್ಮನಾಗಿಬಿಡುತ್ತಾರೆ. ನನಗೇ ನೇರವಾಗಿ ಕಳಿಸಿ, ಜೊತೆಗೆ ‘ಉಡುಗೊರೆ’ ಅಥವಾ ‘ದೇಣಿಗೆ’ ಎಂದು ಬರೆಯಿರಿ. ಎರಡನ್ನೂ ಬೆರೆಸುವುದಿಲ್ಲ. ಉಡುಗೊರೆ ಹಣ ಉಳಿದರೆ ದೇಣಿಗೆಗೆ ಸೇರಿಸುತ್ತೇನೆ; ಬೇಡ ಎನ್ನುವವರು ಈಗಲೇ ಹೇಳಿ.

ದೇಣಿಗೆ ಯಾವ ಸಂಸ್ಥೆಗೆ ಎಂದು ಅವರ ಮನೆಯವರನ್ನೇ ಕೇಳಿ ತೀರ್ಮಾನಿಸುತ್ತೇನೆ. ಇಲ್ಲಿ ಚರ್ಚೆಗಿಟ್ಟರೆ ಮುಗಿಯುವುದಿಲ್ಲ. ಒಟ್ಟಿಗೆ ಕಟ್ಟಿದಾಗ ರಸೀದಿ ಸಾಮಾನ್ಯವಾಗಿ ಕಟ್ಟಿದವರ ಹೆಸರಿಗೇ ಬರುತ್ತದೆ. ತೆರಿಗೆಗೆ ರಸೀದಿ ಬೇಕಾದವರು ಸಂಸ್ಥೆಗೇ ನೇರವಾಗಿ ಕಟ್ಟಿಬಿಡಿ.

ನನ್ನ ಫೋಟೊ ಇಟ್ಟುಕೊಂಡು ಹೊಸ ನಂಬರಿನಿಂದ ಯಾರಾದರೂ ಹಣ ಕೇಳಿದರೆ ಕಳಿಸಬೇಡಿ, ಮೊದಲು ನನಗೆ ಫೋನ್ ಮಾಡಿ.

ಶುಕ್ರವಾರ ರಾತ್ರಿಗೆ ಲೆಕ್ಕ ಮುಗಿಸುತ್ತೇನೆ. ಒಟ್ಟು ಮೊತ್ತ, ಬಿಲ್ಲು, ರಸೀದಿ ಗುಂಪಿಗೆ ಹಾಕುತ್ತೇನೆ. ಯಾರು ಎಷ್ಟು ಕೊಟ್ಟರು ಎಂಬುದನ್ನು ಹಾಕುವುದಿಲ್ಲ, ಕೇಳಲೂಬೇಡಿ.