ವಿಂಡೋಸ್ 10 ಇನ್ಮೇಲೆ ಹಾಕಿಕೊಡಲ್ಲ, ಯಾಕೆ ಅಂತ ಸ್ವಲ್ಪ ಓದಿ

ನಮ್ಮ ಎಲ್ಲಾ ಗ್ರಾಹಕರಿಗೂ ನಮಸ್ಕಾರ,

ವಿಷಯ ನೇರವಾಗಿ ಹೇಳಿಬಿಡ್ತೀವಿ. ಇನ್ಮೇಲೆ ನಾವು ಯಾರ ಮನೆ ಕಂಪ್ಯೂಟರಿಗೂ ಹೊಸದಾಗಿ ವಿಂಡೋಸ್ 10 ಹಾಕಿಕೊಡಲ್ಲ, ಫಾರ್ಮ್ಯಾಟ್ ಮಾಡಿ ಅದನ್ನೇ ವಾಪಸ್ ಹಾಕಿ ಅಂದ್ರೂ ಇಲ್ಲ. ಹಾಗೇನೇ, ವಿಂಡೋಸ್ 11 ಆಗತ್ತೆ ಅಂತ ಮೈಕ್ರೋಸಾಫ್ಟ್ ಕೊಟ್ಟಿರೋ ಲಿಸ್ಟಲ್ಲಿ ಇಲ್ಲದ ಹಳೆ ಮಷೀನಿಗೆ ಅದರ ಚೆಕಿಂಗ್ ತಪ್ಪಿಸಿ ವಿಂಡೋಸ್ 11 ತುರುಕೋ ಕೆಲಸವನ್ನೂ ಬಿಟ್ವಿ. ಅದರ ಬದಲು ಅಂಥ ಮಷೀನುಗಳಿಗೆ ಲಿನಕ್ಸ್ ಮಿಂಟ್ (ವಿಂಡೋಸ್ ಜಾಗದಲ್ಲಿ ಹಾಕೋ ಉಚಿತ ಆಪರೇಟಿಂಗ್ ಸಿಸ್ಟಮ್) ಹಾಕಿ, ಹೇಗೆ ಬಳಸೋದು ಅಂತ ತೋರಿಸಿ, ಆಮೇಲೂ ನೋಡಿಕೊಳ್ಳೋದು ನಮ್ಮ ಮಾಮೂಲಿ ಸರ್ವೀಸಲ್ಲಿ ಸೇರ್ತು.

"ಚೆನ್ನಾಗೇ ಓಡ್ತಾ ಇದೆಯಲ್ಲ, ಯಾಕೆ ಮುಟ್ಟಬೇಕು" ಅಂತ ಸುಮಾರು ಜನ ಕೇಳ್ತೀರಿ, ಕೇಳೋದು ನ್ಯಾಯವೇ. 2015ರ ಜುಲೈಯಲ್ಲಿ ಬಂದ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗೀತು. ಮುಗೀತು ಅಂದ್ರೆ ಮಾರನೇ ದಿನದಿಂದ ಕಂಪ್ಯೂಟರ್ ಆನ್ ಆಗಲ್ಲ ಅಂತಲ್ಲ, ಎಲ್ಲಾ ಮೊದಲಿನ ಹಾಗೇ ಇರತ್ತೆ, ಆದ್ರೆ ಅದಾದ್ಮೇಲೆ ಸಿಕ್ಕೋ ಸೆಕ್ಯುರಿಟಿ ತೂತುಗಳಿಗೆ ಮಾಮೂಲಿಯಾಗಿ ಬರ್ತಿದ್ದ ಪ್ಯಾಚ್, ಅಂದ್ರೆ ತೂತು ಮುಚ್ಚೋ ಅಪ್‌ಡೇಟ್, ಬರಲ್ಲ. ಇದರಲ್ಲಿ ಇನ್ನೊಂದು ಒಳಸುಳಿ ಇದೆ. 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ, ಹಾಗಾಗಿ 11ಕ್ಕೆ ಒಂದು ಪ್ಯಾಚ್ ಬಂದಾಗ ಅದನ್ನ ಬಿಚ್ಚಿ ನೋಡಿದ ಕಳ್ಳನಿಗೆ 10ರಲ್ಲಿ ಎಲ್ಲಿ ಕೈ ಹಾಕಬೇಕು ಅಂತ ಗೊತ್ತಾಗೋ ಸಾಧ್ಯತೆ ಇರತ್ತೆ. ಫೈಲುಗಳನ್ನ ಲಾಕ್ ಮಾಡಿ ದುಡ್ಡು ಕೇಳ್ತಿದ್ದ 2017ರ ವಾನಾಕ್ರೈ ವೈರಸ್ ನೆನಪಿದ್ಯಾ? ಅದು ಹರಡಿದ್ದು ಮೇ ತಿಂಗಳಲ್ಲಿ, ಆ ತೂತಿಗೆ ಪ್ಯಾಚ್ ಬಂದಿದ್ದು ಮಾರ್ಚಲ್ಲೇ. ಪ್ಯಾಚ್ ಇದ್ದೂ ಹಾಕಿಕೊಳ್ಳದವರ ಫೈಲುಗಳು ಅಷ್ಟೊಂದು ಲಾಕ್ ಆದ್ವು, ಇನ್ನು ಪ್ಯಾಚೇ ಬರದವರ ಕಥೆ ನೀವೇ ಯೋಚನೆ ಮಾಡಿ.

ಈಗಾಗ್ಲೇ ವಿಂಡೋಸ್ 10 ಇಟ್ಕೊಂಡಿರೋರು ಗಾಬರಿ ಆಗಬೇಡಿ, ನಿಮ್ಮನ್ನ ಕೈಬಿಡ್ತಾ ಇಲ್ಲ. ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅಂತ ಮೈಕ್ರೋಸಾಫ್ಟಿನ ಒಂದು ಎಕ್ಸ್‌ಟೆನ್ಷನ್ ಇದೆ, ಅದಕ್ಕೆ ಸೇರಿಕೊಂಡ್ರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರತ್ತೆ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದ್ರೆ ದುಡ್ಡು ಕೊಡದೇ ಸೇರಬಹುದು, ಆದ್ರೆ ಮಷೀನಲ್ಲಿ ವಿಂಡೋಸ್ 10ರ ಕೊನೇ ವರ್ಷನ್ ಆದ 22ಎಚ್2 ಇರಲೇಬೇಕು. ಇದನ್ನ ಆನ್ ಮಾಡಿಕೊಡೋಕೆ ನಾವು ರೆಡಿ. ಆದ್ರೆ ಇದು ಯೋಚನೆ ಮಾಡಿ ಒಂದು ತೀರ್ಮಾನಕ್ಕೆ ಬರೋಕೆ ಸಿಕ್ಕ ಟೈಮ್ ಅಷ್ಟೇ. ಇಷ್ಟು ಸ್ವಲ್ಪ ದಿನಕ್ಕೋಸ್ಕರ ಹೊಸದಾಗಿ ಫಾರ್ಮ್ಯಾಟ್ ಮಾಡಿ, ಡ್ರೈವರ್ ಹಾಕಿ, ನಿಮ್ಮ ಫೈಲೆಲ್ಲಾ ಜೋಡಿಸಿಕೊಡೋದು ನಿಮಗೂ ದಂಡ ನಮಗೂ ದಂಡ.

ಈಗ ಮುಖ್ಯವಾದ್ದು, ನಿಮ್ಮ ಮಷೀನಿಗೆ 11 ಆಗತ್ತಾ ಇಲ್ವಾ ಅನ್ನೋದು. "ಈ ಪಿಸಿಗೆ ಆಗಲ್ಲ" ಅಂತ ಮೆಸೇಜ್ ಬಂದ ತಕ್ಷಣ ಹೊಸ ಲ್ಯಾಪ್‌ಟಾಪ್ ಹುಡುಕೋಕೆ ಹೋಗಬೇಡಿ ದಯವಿಟ್ಟು. 11ಕ್ಕೆ ಬೇಕಾದ ಟಿಪಿಎಂ 2.0 (ಸೆಕ್ಯುರಿಟಿ ಕೀಗಳನ್ನ ಕಾಯೋ ವ್ಯವಸ್ಥೆ) ಇಲ್ಲ ಅಂತ ತೋರಿಸೋ ಎಷ್ಟೋ ಮಷೀನಲ್ಲಿ ಅದು ಇರತ್ತೆ, ಬಯೋಸಲ್ಲಿ (ವಿಂಡೋಸ್ ಶುರುವಾಗೋಕೆ ಮುಂಚಿನ ಸೆಟ್ಟಿಂಗ್ಸಲ್ಲಿ) ಆಫ್ ಆಗಿರತ್ತೆ ಅಷ್ಟೇ, ಇಂಟೆಲ್ ಬೋರ್ಡಲ್ಲಿ ಪಿಟಿಟಿ ಅಂತಲೂ ಎಎಂಡಿ ಬೋರ್ಡಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರಿರೋದ್ರಿಂದ ಕಣ್ಣಿಗೇ ಬೀಳಲ್ಲ. ಹಳೆ ಲೆಗಸಿ ಮೋಡಲ್ಲಿ ಬೂಟ್ ಆಗ್ತಿದ್ರೆ ಡಿಸ್ಕನ್ನ ಜಿಪಿಟಿಗೆ (ಹೊಸ ಬಗೆಯ ಡಿಸ್ಕ್ ವಿಂಗಡಣೆಗೆ) ಕನ್ವರ್ಟ್ ಮಾಡಿ ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರಿಂದ ಮಾತ್ರ ಮಷೀನ್ ಶುರುವಾಗೋ ಹಾಗೆ ನೋಡಿಕೊಳ್ಳೋ ಸೆಟ್ಟಿಂಗ್) ಆನ್ ಮಾಡಬಹುದು, ಡೇಟಾ ಅಳಿಸದೇನೇ. ಪ್ರೊಸೆಸರ್ ವಿಷಯ ಮಾತ್ರ ನಮ್ಮ ಕೈಲಿಲ್ಲ: ಹೆಚ್ಚುಕಮ್ಮಿ ಇಂಟೆಲ್ 8ನೇ ಜನರೇಷನ್ ಅಥವಾ ರೈಜನ್ 2000 ಸೀರೀಸಿನಿಂದ ಈಚೆಗಿನದ್ದಾಗಿರಬೇಕು. ರ‍್ಯಾಮ್ 4 ಜಿಬಿ ಸಾಕು ಅಂತ ಕಂಪನಿ ಹೇಳತ್ತೆ, ನಾವು ಹೇಳಲ್ಲ. 8 ಇರಲಿ, ಜೊತೆಗೆ ಎಸ್‌ಎಸ್‌ಡಿ ಇರಲಿ. ಹಳೇ ತಿರುಗೋ ಹಾರ್ಡ್‌ಡಿಸ್ಕಲ್ಲಿ 11 ಹಾಕಿಸಿಕೊಂಡು ಸ್ಲೋ ಅಂತ ಬಯ್ಯೋರು ಜಾಸ್ತಿ, ಆ ಬೈಗುಳ ಮುಕ್ಕಾಲು ಪಾಲು ಡಿಸ್ಕಿಗೆ ಸೇರಬೇಕಾದ್ದು.

ಪ್ರೊಸೆಸರೇ ಹಳೇದು ಅಂತಾದ್ರೆ? ಚೆಕಿಂಗ್ ತಪ್ಪಿಸೋ ಟ್ರಿಕ್ ನೆಟ್ಟಲ್ಲಿ ಬೇಕಾದಷ್ಟಿದೆ, ನಮಗೂ ಗೊತ್ತು. ಆದ್ರೆ ಅಂಥ ಮಷೀನಿಗೆ ಅಪ್‌ಡೇಟ್ ಕೊಡ್ತೀವಿ ಅಂತ ಮೈಕ್ರೋಸಾಫ್ಟ್ ಗ್ಯಾರಂಟಿ ಕೊಡಲ್ಲ, ವರ್ಷಕ್ಕೊಮ್ಮೆ ಬರೋ ದೊಡ್ಡ ವರ್ಷನ್ ಸಾಮಾನ್ಯವಾಗಿ ತಾನಾಗೇ ಇಳಿಯಲ್ಲ, ಮತ್ತೆ ಅದೇ ಸರ್ಕಸ್. ವಿಂಡೋಸ್ 11ರ 24ಎಚ್2 ವರ್ಷನ್ ಬಂದಾಗಂತೂ ಎಸ್‌ಎಸ್‌ಇ 4.2 ಅನ್ನೋ ಸೌಲಭ್ಯ ಇಲ್ಲದ ತೀರಾ ಹಳೆ ಪ್ರೊಸೆಸರುಗಳಲ್ಲಿ ಅದು ಬೂಟೇ ಆಗಲ್ಲ ಅನ್ನೋ ಹಾಗಾಯ್ತು, ಅದಕ್ಕೆ ಯಾವ ಟ್ರಿಕ್ಕೂ ಇಲ್ಲ. ಸೆಕ್ಯುರಿಟಿಗೋಸ್ಕರ ಅಪ್‌ಗ್ರೇಡ್ ಮಾಡಿಸಿಕೊಂಡು ಅಪ್‌ಡೇಟ್ ಬರತ್ತೋ ಇಲ್ವೋ ಅಂತ ಕಾಯ್ಕೊಂಡು ಕೂರೋದ್ರಲ್ಲಿ ಏನರ್ಥ ಹೇಳಿ.

ಹಾಗಾಗಿ ಲಿನಕ್ಸ್ ಮಿಂಟ್. ಮಿಂಟ್ 22 ಅನ್ನೋದು ಉಬುಂಟು ಅನ್ನೋ ಇನ್ನೊಂದು ಲಿನಕ್ಸಿನ 24.04 ವರ್ಷನ್ ಮೇಲೆ ನಿಂತಿದೆ, 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಬರತ್ತೆ, ಕೆಳಗಡೆ ಮೆನು, ಮೂಲೆಯಲ್ಲಿ ಗಡಿಯಾರ, ನೋಡೋಕೆ ಹಳೆ ವಿಂಡೋಸಿನ ಹಾಗೇ. ತೀರಾ ಸುಸ್ತಾದ ಮಷೀನಾದ್ರೆ ಮಿಂಟಿನ ಹಗುರವಾದ ಎಕ್ಸ್‌ಎಫ್‌ಸಿಇ ಎಡಿಷನ್ ಹಾಕ್ತೀವಿ. ಬ್ರೌಸರ್, ಮೇಲ್, ವಿಡಿಯೋ, ಬ್ಯಾಂಕ್ ವೆಬ್‌ಸೈಟ್, ಪತ್ರ ಬರೆಯೋದು, ಮಕ್ಕಳ ಆನ್‌ಲೈನ್ ಕ್ಲಾಸು, ಇಷ್ಟೇ ಆದ್ರೆ ಯೋಚನೆನೇ ಬೇಡ. ಕನ್ನಡ ಟೈಪಿಂಗೂ ಸೆಟ್ ಮಾಡಿಕೊಡ್ತೀವಿ, ಯುನಿಕೋಡ್ ಫೈಲುಗಳು ಸಲೀಸಾಗಿ ತೆರ್ಕೊಳ್ತವೆ, ನುಡಿಯಲ್ಲಿ ಹಳೆ ಫಾಂಟಲ್ಲಿ ಟೈಪ್ ಮಾಡಿಟ್ಟ ಫೈಲುಗಳಿಗೆ ಮಾತ್ರ ಆ ಫಾಂಟೂ ಹಾಕಬೇಕು ಇಲ್ಲಾಂದ್ರೆ ಬರೀ ಚಿತ್ರವಿಚಿತ್ರ ಅಕ್ಷರ ಕಾಣತ್ತೆ, ಹಾಗಾಗಿ ಮೊದಲೇ ಹೇಳಿ. ಫೋಟೋಶಾಪ್ ಬೇಕೇ ಬೇಕು, ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟಲ್ಲೇ ಜೀವನ, ಆಂಟಿ ಚೀಟ್ ಇರೋ ಆನ್‌ಲೈನ್ ಗೇಮ್ ಆಡ್ತೀವಿ ಅನ್ನೋರಿಗೆ ಮಿಂಟ್ ಬೇಡ, ನಾವೇ ಬೇಡ ಅಂತೀವಿ. ಮಿಂಟಲ್ಲಿ ಎಕ್ಸೆಲ್, ವರ್ಡ್ ಬದಲು ಬಳಸೋ ಲಿಬ್ರೆ ಆಫೀಸ್ ಒಳ್ಳೇದೇ, ಆದ್ರೆ ಎಕ್ಸೆಲ್ ಮ್ಯಾಕ್ರೋ ಎಲ್ಲಾ ಅದರಲ್ಲಿ ಹಾಗ್ಹಾಗೇ ಓಡತ್ತೆ ಅಂತ ಸುಳ್ಳು ಹೇಳಲ್ಲ. ಡೌಟಿದ್ರೆ ಪೆನ್‌ಡ್ರೈವಿಂದ ಲೈವ್ ಆಗಿ ಓಡಿಸಿ ನೋಡಿ, ಡಿಸ್ಕಿಗೆ ಏನೂ ಇನ್‌ಸ್ಟಾಲ್ ಆಗಲ್ಲ, ವೈಫೈ, ಪ್ರಿಂಟರ್, ಸೌಂಡ್ ಎಲ್ಲಾ ಬರತ್ತಾ ಅಂತ ಅಲ್ಲೇ ಗೊತ್ತಾಗತ್ತೆ, ಆಮೇಲೆ ಹೂಂ ಅನ್ನಿ ಅಥವಾ ಉಹೂಂ ಅನ್ನಿ.

ಕೊನೇದು, ಯಾವುದನ್ನೇ ಆರಿಸ್ಕೊಳ್ಳಿ, ಬ್ಯಾಕಪ್ ಇಲ್ಲದೆ ಮಷೀನ್ ಮುಟ್ಟಲ್ಲ ಅನ್ನೋದೂ ಈಗಿಂದ ನಮ್ಮ ರೂಲು. ಡೆಸ್ಕ್‌ಟಾಪ್ ಮೇಲಿರೋ ಫೈಲ್, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಲ್ಲಿ ಸೇವ್ ಆಗಿರೋ ಪಾಸ್‌ವರ್ಡ್, ಇವನ್ನೇ ಜನ ಮರೆಯೋದು. ಬಿಟ್‌ಲಾಕರ್ (ಡಿಸ್ಕನ್ನ ಲಾಕ್ ಮಾಡಿಡೋ ವಿಂಡೋಸ್ ಸೌಲಭ್ಯ) ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಬೇಕೇ ಬೇಕು, ಬಯೋಸಲ್ಲಿ ಟಿಪಿಎಂ ಸೆಟ್ಟಿಂಗ್ ಮುಟ್ಟಿದ ಕೂಡ್ಲೇ ಅದು ಕೀ ಕೇಳಬಹುದು, ಕೊಡದೇ ಇದ್ರೆ ನಿಮ್ಮ ಡೇಟಾ ನಿಮಗೇ ಸಿಗಲ್ಲ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟಲ್ಲಿ ಸೇವ್ ಆಗಿರತ್ತೆ, ನಮ್ಮ ಹತ್ರ ಬರೋಕೆ ಮುಂಚೆ ಲಾಗಿನ್ ಆಗಿ ಒಂದು ಕಾಗದದ ಮೇಲೆ ಬರ್ಕೊಂಡು ಬನ್ನಿ. 10ರಿಂದ 11ಕ್ಕೆ ಹೋದವರಿಗೆ ಇಷ್ಟ ಆಗಲಿಲ್ಲ ಅಂದ್ರೆ 10 ದಿನದ ಒಳಗೆ ಹಿಂದಕ್ಕೆ ಹೋಗೋ ದಾರಿ ಸೆಟ್ಟಿಂಗ್ಸಲ್ಲೇ ಇರತ್ತೆ, ಹಾಗಾಗಿ ಆ ಅವಧೀಲಿ ಜಾಗ ಖಾಲಿ ಮಾಡೋಣ ಅಂತ ಹಳೇ ವಿಂಡೋಸ್ ಫೈಲುಗಳಿರೋ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಬೇಡಿ.

ಬರುವಾಗ ಚಾರ್ಜರ್, ನಿಮ್ಮ ಪ್ರಿಂಟರಿನ ಮಾಡೆಲ್ ನಂಬರ್, ದಿನಾ ಬಳಸೋ ಸಾಫ್ಟ್‌ವೇರುಗಳ ಒಂದು ಪಟ್ಟಿ ತಂದ್ರೆ ಅರ್ಧ ಕೆಲಸ ಮುಗಿದ ಹಾಗೆ.

ಇಂತಿ,
ನಿಮ್ಮ ಕಂಪ್ಯೂಟರ್ ಸರ್ವೀಸ್ ಬಳಗ