ಕಡಲಾಮೆಗೆ ನಿನ್ನ ಬಾಣಂತನ ಬೇಕಾ?

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. ಅರ್ಧ ಬೈಗುಳ, ಅರ್ಧ ಪ್ರಶ್ನೆ. ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ತೋಟ ಬಿಟ್ಟು ಅಂಡಮಾನಿಗೆ ಹೋಗಿ ಆಮೆ ಕಾಯುವ ಹುಚ್ಚು ಯಾಕೆ ಮಾರಾಯ, ಆಮೆ ಬೇಕಾದರೆ ಹೊನ್ನಾವರ ಇಲ್ವಾ ಅಂತ ಕೇಳಿದ್ದೀಯ. ಫೋನಿನಲ್ಲಿ ಉತ್ತರಿಸಿದರೆ ಜಗಳವೇ ಆಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ಯಾಕೆಂದರೆ ತೀರ್ಥಹಳ್ಳಿ ಪೇಟೆಗೆ ಹೋದರೆ ಸಾಕು, ಎಲ್ಲರೂ ಇದನ್ನೇ ಕೇಳುತ್ತಾರೆ.

ಹೊನ್ನಾವರ ಇದೆ, ಹೋಗಿಯೂ ಬಂದೆ. ನಮ್ಮ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಅಲ್ಲಿ ಸಮುದ್ರ ಸೇರುತ್ತಾಳೆ. ಅಳಿವೆಯ ಹತ್ತಿರದ ಕಾಸರಕೋಡು ಟೊಂಕದ ಮರಳಿನಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡುತ್ತವೆ. ಅಲ್ಲಿನ ಮೀನುಗಾರರು ಗೂಡು ಕಂಡರೆ ಅರಣ್ಯ ಇಲಾಖೆಗೆ ತಿಳಿಸುತ್ತಾರೆ, ಕಾಯುತ್ತಾರೆ. ನನಗೆ ಈಗ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರ ಜೊತೆ ಕೂತು ಕೇಳಿದ್ದು. ಮೊಟ್ಟೆಯನ್ನು ಬೇರೆ ಜಾಗಕ್ಕೆ ಸಾಗಿಸಲೇಬೇಕಾದರೆ ಇಟ್ಟ ಕೆಲವೇ ಗಂಟೆಗಳೊಳಗೆ ಸಾಗಿಸಬೇಕು. ತಡವಾದರೆ ಭ್ರೂಣ ಒಳಪೊರೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಮೊಟ್ಟೆ ಮಗುಚಿದರೆ ಮರಿಯ ಕಥೆ ಮುಗಿದಂತೆ. ಕಾವಿಗೆ ಕೂತ ಕೋಳಿ ದಿನಾ ಮೊಟ್ಟೆ ತಿರುಗಿಸುತ್ತದಲ್ಲ, ಇಲ್ಲಿ ಅದರ ಉಲ್ಟಾ. ಇನ್ನೊಂದು ಮಜಾ ಕೇಳು: ಗಂಡೋ ಹೆಣ್ಣೋ ತೀರ್ಮಾನವಾಗುವುದು ಮರಳಿನ ಬಿಸಿಯಿಂದ. ಸುಮಾರು 29 ಡಿಗ್ರಿ ಇದ್ದರೆ ಎರಡೂ ಹುಟ್ಟುತ್ತವೆ. ಅದಕ್ಕಿಂತ ಬಿಸಿಯಾದರೆ ಹೆಣ್ಣೇ ಜಾಸ್ತಿ, ತಂಪಾದರೆ ಗಂಡು. ಬೇಸಿಗೆ ಹೀಗೇ ಏರುತ್ತಾ ಹೋದರೆ ಏನಾಗಬಹುದು ಅಂತ ನೀನೇ ಲೆಕ್ಕ ಹಾಕು.

ಆದರೆ ನನಗೆ ಲೆದರ್‌ಬ್ಯಾಕ್ ಅನ್ನುವ ದೈತ್ಯ ಕಡಲಾಮೆ ನೋಡಬೇಕು. ರಿಡ್ಲಿ ತೂಗಿದರೆ 50 ಕೆಜಿ ದಾಟುವುದು ಕಷ್ಟ. ಇದು 300, 400, ಕೆಲವು ಅದಕ್ಕೂ ಮೇಲೆ. ಬೆನ್ನಿಗೆ ಗಟ್ಟಿ ಚಿಪ್ಪಿಲ್ಲ, ದಪ್ಪ ಚರ್ಮ, ಅದರ ಮೇಲೆ ಉದ್ದುದ್ದ ಏಣುಗಳು. ಇಷ್ಟು ದೊಡ್ಡ ಮೈ ಸಾಕುವುದು ಹೆಚ್ಚಾಗಿ ಜೆಲ್ಲಿ ಮೀನು ತಿಂದು. ನಮ್ಮ ದೇಶದಲ್ಲಿ ಈಗ ಅದು ವರ್ಷ ವರ್ಷವೂ ಮೊಟ್ಟೆ ಇಡಲು ಬರುವುದು ಅಂಡಮಾನ್ ನಿಕೋಬಾರಿಗೆ ಮಾತ್ರ. 2004ರ ಸುನಾಮಿ ಅಲ್ಲಿನ ಎಷ್ಟೋ ತೀರಗಳನ್ನು ನುಂಗಿಹಾಕಿತ್ತು. ಮರಳು ನಿಧಾನಕ್ಕೆ ಮತ್ತೆ ಕೂಡಿತು, ಆಮೆಗಳೂ ಬಂದವು. ಬೆಂಗಳೂರಿನ ದಕ್ಷಿಣ್ ಫೌಂಡೇಶನ್ ಅನ್ನುವ ಸಂರಕ್ಷಣಾ ಸಂಸ್ಥೆ 2008ರಿಂದ ಲಿಟಲ್ ಅಂಡಮಾನಿನಲ್ಲಿ ಇವುಗಳ ಲೆಕ್ಕ ಇಡುತ್ತಿದೆ. ಆ ಲೆಕ್ಕದ ಕೆಲಸಕ್ಕೇ ನಾನು ಹೊರಟಿರುವುದು. ಅಲ್ಲಿ ಮೊಟ್ಟೆಯಿಟ್ಟ ಕೆಲವು ಆಮೆಗಳ ಬೆನ್ನಿಗೆ ಉಪಗ್ರಹದ ಟ್ಯಾಗ್ ಹಾಕಿ ಬಿಟ್ಟರು. ಕೆಲವು ಆಸ್ಟ್ರೇಲಿಯಾದ ಕಡೆ ಹೊರಟವು. ಒಂದು 13 ಸಾವಿರ ಕಿಲೋಮೀಟರ್ ಈಜಿ ಆಫ್ರಿಕಾದ ಮೊಝಾಂಬಿಕ್ ಮುಟ್ಟಿತು. ಹಿಂದೂ ಮಹಾಸಾಗರದ ಈ ತುದಿಯಿಂದ ಆ ತುದಿ. ನಾವು ಶಿವಮೊಗ್ಗಕ್ಕೆ ಹೋಗಿ ಬಂದು ಸುಸ್ತು ಅನ್ನುತ್ತೇವೆ.

ಇನ್ನು ತಯಾರಿ. ನೀನು ಬೂಟು, ಬ್ಯಾಗು, ಜಿಮ್ಮು ಅಂದುಕೊಂಡಿರುತ್ತೀಯ. ಅದೆಲ್ಲ ಸುಲಭದ ಭಾಗ. ನಿಜವಾಗಿ ಕಲಿಯಬೇಕಾಗಿರುವುದು ಕತ್ತಲೆಯಲ್ಲಿ ಸುಮ್ನೆ ಇರುವುದು. ಆಮೆ ನೀರಿನಿಂದ ಮೇಲೆ ಬರುವಾಗ ಯಾರಾದರೂ ಅಲುಗಾಡಿದರೆ, ಬೆಳಕು ಬಿಟ್ಟರೆ, ಅದು ಮೊಟ್ಟೆ ಇಡದೆ ವಾಪಸ್ ಹೋಗಿಬಿಡಬಹುದು. ಹಾಗಾಗಿ ಅದು ಜಾಗ ಆರಿಸಿ, ಹಿಂಗಾಲಿನಲ್ಲಿ ಗುಂಡಿ ತೋಡಿ, ಮೊಟ್ಟೆ ಇಡಲು ಶುರು ಮಾಡುವ ತನಕ ದೂರದಲ್ಲಿ ಮರಳಿಗೆ ಮೈ ಹಚ್ಚಿ ಕಾಯಬೇಕು. ಸೊಳ್ಳೆ ಕಚ್ಚಿದರೂ ಹೊಡೆಯುವ ಹಾಗಿಲ್ಲ. ಒಮ್ಮೆ ಇಡಲು ಶುರುವಾದ ಮೇಲೆ ಅದಕ್ಕೆ ಹೊರಗಿನ ಪರಿವೆ ಕಡಿಮೆ. ಆಗ ಹಿಂದಿನಿಂದ ಹೋಗಿ ಟೇಪಿನಲ್ಲಿ ಬೆನ್ನಿನ ಅಳತೆ ತೆಗೆಯಬೇಕು, ಹಳೆಯ ಗುರುತಿದೆಯಾ ನೋಡಬೇಕು. ಭುಜದಲ್ಲಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಚಿಪ್ ಇರುತ್ತದೆ, ಸ್ಕ್ಯಾನರ್ ಹಿಡಿದರೆ ನಂಬರ್ ತೋರಿಸುತ್ತದೆ. ಬೆಳಿಗ್ಗೆ ನೋಡಿದರೆ ಅದು ಬಂದು ಹೋದ ದಾರಿ ಮರಳಿನ ಮೇಲೆ ಪವರ್ ಟಿಲ್ಲರ್ ಓಡಿಸಿದ ಹಾಗೆ ಬಿದ್ದಿರುತ್ತದಂತೆ. ಅದೇ ಹೆಣ್ಣು ಹತ್ತು ದಿನ ಬಿಟ್ಟು ಮತ್ತೆ ಬರುತ್ತದೆ. ಒಂದು ಹಂಗಾಮಿನಲ್ಲಿ ಹಲವು ಸಲ.

ಅದಕ್ಕೇ ರಾತ್ರಿ ಊಟ ಆದಮೇಲೆ ಬ್ಯಾಟರಿ ಇಲ್ಲದೆ ಗದ್ದೆ ಅಂಚಿನ ರಸ್ತೆಯಲ್ಲಿ ನಡೆಯುತ್ತಿದ್ದೇನೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ನಡುವೆ ಒಮ್ಮೆ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು. ಹಾವಿನ ಭಯಕ್ಕೆ ಗಮ್ ಬೂಟು ಹಾಕಿಕೊಳ್ಳುತ್ತೇನೆ, ಕೈಯಲ್ಲಿ ಕೋಲು. ಪಕ್ಕದ ಮನೆ ನಾಯಿಗೆ ಮಾತ್ರ ಇದು ಇನ್ನೂ ಒಪ್ಪಿಗೆಯಾಗಿಲ್ಲ. ದ್ವೀಪಕ್ಕೆ ಒಯ್ಯುವ ಬ್ಯಾಟರಿಗೆ ಬೆಳಕು ಹಾಯುವ ಕೆಂಪು ಹಾಳೆ ಕಟ್ಟಿದ್ದೇನೆ. ಕೆಂಪು ಬೆಳಕು ಆಮೆಗಳಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮರಿಗಳು ಹೊರಬಂದ ಮೇಲೆ ಬೆಳಕಿರುವ ದಿಕ್ಕನ್ನೇ ಸಮುದ್ರ ಅಂದುಕೊಂಡು ಹೊರಡುತ್ತವೆ, ಬಿಳಿ ಬ್ಯಾಟರಿ ಬಿಟ್ಟರೆ ನಮ್ಮ ಹಿಂದೆಯೇ ಬರುತ್ತವೆ.

ಮಳೆ, ಇಂಬಳ, ಕರೆಂಟ್ ಇಲ್ಲದಿರುವುದು, ನೆಟ್‌ವರ್ಕ್ ಇಲ್ಲದಿರುವುದು, ಇವಕ್ಕೆಲ್ಲ ನಮಗೆ ತರಬೇತಿ ಬೇಡ, ಅಲ್ವಾ? ಮರಿ ಹೋದ ಮೇಲೆ ಗೂಡು ಅಗೆದು, ಒಡೆದ ಸಿಪ್ಪೆ ಎಷ್ಟು, ಕೊಳೆತ ಮೊಟ್ಟೆ ಎಷ್ಟು ಅಂತ ಎಣಿಸುವ ಕೆಲಸವಿದೆ. ನಾತಕ್ಕೆ ಪಟ್ಟಣದ ಹುಡುಗರು ಓಡುತ್ತಾರಂತೆ. ಗೊಬ್ಬರದ ಗುಂಡಿಗೆ ಇಳಿದು ಬೆಳೆದವನಿಗೆ ಅದೇನು ಮಹಾ. ಹೆದರಿಕೆ ಇರುವುದು ಸಮುದ್ರದ್ದೇ. ಲಿಟಲ್ ಅಂಡಮಾನಿನ ಬಂದರು ಹಟ್ ಬೇ ತನಕ ಹಡಗು. ಅಲ್ಲಿಂದ ಶಿಬಿರಕ್ಕೆ ಸಣ್ಣ ದೋಣಿ. ದಡಕ್ಕೆ ಜೆಟ್ಟಿ ಇಲ್ಲ. ಅಲೆ ನೋಡಿಕೊಂಡು ಸಾಮಾನು ಹೊತ್ತು ನೀರಿಗೆ ಹಾರಬೇಕು. ನಾವು ಈಜು ಕಲಿತದ್ದು ತುಂಗೆಯಲ್ಲಿ, ಅಲ್ಲಿ ನೀರು ಒಂದೇ ದಿಕ್ಕಿಗೆ ಎಳೆಯುತ್ತದೆ. ಕಾಸರಕೋಡಿನಲ್ಲಿ ಒಬ್ಬ ಹಿರಿಯ ಮೀನುಗಾರರು ನನ್ನನ್ನು ಅಲೆಯೊಳಗೆ ನಿಲ್ಲಿಸಿ, ಬೆನ್ನು ಕೊಡಬೇಡ ಮಗಾ, ಪಕ್ಕೆ ಕೊಡು ಅಂತ ಹೇಳಿಕೊಟ್ಟರು. ಉಪ್ಪುನೀರು ಕುಡಿದದ್ದೇ ಬಂತು. ಅಂಡಮಾನಿನ ತೊರೆಗಳಲ್ಲಿ ಉಪ್ಪುನೀರಿನ ಮೊಸಳೆ ಬೇರೆ ಇದೆ. ಇದನ್ನು ಅಮ್ಮನಿಗೆ ಹೇಳಿಲ್ಲ, ನೀನೂ ಹೇಳಬೇಡ.

ಎಲ್ಲೆಂದರಲ್ಲಿ ಓಡಾಡುವ ಹಾಗೂ ಇಲ್ಲ. ಲಿಟಲ್ ಅಂಡಮಾನ್ ಓಂಗೆ ಬುಡಕಟ್ಟು ಜನರ ನೆಲ. ಅವರ ಮೀಸಲು ಪ್ರದೇಶಕ್ಕೆ ಅನುಮತಿಯಿಲ್ಲದೆ ಕಾಲಿಡುವುದನ್ನು 1956ರ ಕಾಯ್ದೆ ತಡೆಯುತ್ತದೆ. ಒಳ್ಳೆಯದೇ. ಫೋಟೋ ತೆಗೆಯುವ ಆಸೆಯಿಂದ ಬರುವವರು ಬರಲೇಬೇಡಿ ಅಂತ ತಂಡದವರು ಮೊದಲ ಮಾತಿನಲ್ಲೇ ಹೇಳಿದರು. ನನಗೆ ಅವರ ಮೇಲೆ ನಂಬಿಕೆ ಬಂದದ್ದು ಆಗಲೇ.

ಸತೀಶ್ ಭಾಸ್ಕರ್ ಅಂತ ಒಬ್ಬರಿದ್ದರು. ನಮ್ಮ ದೇಶದ ಕಡಲಾಮೆ ಸಮೀಕ್ಷೆಗೆ ಅಡಿಪಾಯ ಹಾಕಿದವರು, ಸಾವಿರಾರು ಕಿಲೋಮೀಟರ್ ತೀರ ನಡೆದೇ ನೋಡಿದವರು. 1982ರಲ್ಲಿ ಲಕ್ಷದ್ವೀಪದ ಸುಹೇಲಿಯಲ್ಲಿ, ಮಳೆಗಾಲಕ್ಕೆ ದೋಣಿಯೇ ಬಾರದ ಜನವಿಲ್ಲದ ದ್ವೀಪದಲ್ಲಿ, ತಿಂಗಳುಗಟ್ಟಲೆ ಒಬ್ಬರೇ ಇದ್ದರು. ಹೆಂಡತಿಗೆ ಪತ್ರ ಬರೆದು ಬಾಟಲಿಗೆ ಹಾಕಿ ಸಮುದ್ರಕ್ಕೆ ಎಸೆದರು. ಶ್ರೀಲಂಕಾದ ಮೀನುಗಾರರೊಬ್ಬರಿಗೆ ಅದು ಸಿಕ್ಕಿ, ಅವರು ಅಂಚೆಗೆ ಹಾಕಿ, ಪತ್ರ ಮನೆ ತಲುಪಿತು. ನಾನು ಬಾಟಲಿ ಎಸೆಯುವುದಿಲ್ಲ, ಸಮುದ್ರಕ್ಕೆ ನಾವು ಎಸೆದದ್ದು ಈಗಾಗಲೇ ಸಾಕಷ್ಟಿದೆ. ರೇಷನ್ ದೋಣಿ ಬಂದಾಗ ಅವರ ಕೈಯಲ್ಲಿ ಸುದ್ದಿ ಕಳಿಸುತ್ತೇನೆ.

ಈಗಲೇ ಯಾಕೆ ಅಂತಲೂ ನೀನು ಕೇಳಿದ್ದೆ. ಗ್ರೇಟ್ ನಿಕೋಬಾರಿನ ಗಲಾಥಿಯಾ ಕೊಲ್ಲಿ ಲೆದರ್‌ಬ್ಯಾಕಿನ ದೊಡ್ಡ ಹೆರಿಗೆಮನೆ. ಬಂದರು ಕಟ್ಟಬೇಕು ಅಂತ 2021ರ ಜನವರಿಯಲ್ಲಿ ಅದರ ಅಭಯಾರಣ್ಯದ ಪಟ್ಟವನ್ನೇ ತೆಗೆದರು. ಕಾಸರಕೋಡಿನಲ್ಲೂ ಬಂದರಿನ ಜಗಳ, ಮೀನುಗಾರರು ಬೀದಿಗಿಳಿದಿದ್ದಾರೆ. ಲಿಂಗನಮಕ್ಕಿಯಲ್ಲಿ ಊರು ಮುಳುಗಿದವರ ಮೊಮ್ಮಕ್ಕಳು ನಮ್ಮ ಜೊತೆಗೇ ಓದಿದರು, ಯೋಜನೆ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹೋಗಿ ಟೇಪ್ ಹಿಡಿದರೆ ಅದೇನೂ ನಿಲ್ಲುವುದಿಲ್ಲ, ಅಷ್ಟು ಗೊತ್ತು. ಆದರೂ ಎಷ್ಟು ಬಂದವು, ಎಲ್ಲಿ ಇಟ್ಟವು ಅನ್ನುವ ಲೆಕ್ಕ ಇದ್ದರೆ ಇಲ್ಲಿ ಆಮೆಯೇ ಇಲ್ಲ ಅಂತ ಯಾರೂ ಬರೆದುಕೊಡಲಾಗುವುದಿಲ್ಲ.

ಅಮ್ಮ ಮಾತ್ರ ಒಂದೇ ಮಾತು ಕೇಳಿದಳು: "ಕೋಟ್ಯಂತರ ವರ್ಷದಿಂದ ಹೆತ್ತುಕೊಂಡು ಬಂದ ಕಡಲಾಮೆಗೆ ಈಗ ನಿನ್ನ ಬಾಣಂತನ ಬೇಕಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೈದುಕೊಂಡೇ ಅಪ್ಪೆಮಿಡಿ ಉಪ್ಪಿನಕಾಯಿ, ಚಟ್ನಿಪುಡಿ ಕಟ್ಟಿಟ್ಟಿದ್ದಾಳೆ.

ನಿನ್ನಿಂದ ಆಗಬೇಕಾದದ್ದು ಇಷ್ಟು. ಮರ ಹತ್ತಿ ಅಡಿಕೆ ಇಳಿಸುವ ಕೊನೆಗಾರನಿಗೆ ಮುಂಗಡ ಕೊಟ್ಟಿದ್ದೇನೆ, ಆದರೂ ಎರಡು ದಿನ ಮುಂಚೆ ಫೋನ್ ಮಾಡಿ ನೆನಪಿಸು, ಇಲ್ಲದಿದ್ದರೆ ಬೇರೆ ತೋಟಕ್ಕೆ ಹೋಗಿಬಿಡುತ್ತಾನೆ. ಸುಲಿಯುವವರು ಸಂಜೆ ಬರುತ್ತಾರೆ, ಲೆಕ್ಕ ಅಪ್ಪ ನೋಡಿಕೊಳ್ಳುತ್ತಾರೆ. ಬೇಯಿಸುವ ದಿನ ನೀನೊಮ್ಮೆ ಬಂದು ನಿಂತರೆ ಸಾಕು. ಬೇಯಿಸುವಾಗ ಹಾಕುವ ಚೊಗರು ಹಳೆಯ ಡ್ರಮ್ಮಿನಲ್ಲಿದೆ, ಹೊಸದರ ತಳ ಸೋರುತ್ತದೆ. ನನ್ನಿಂದ ವಾರಗಟ್ಟಲೆ ಸುದ್ದಿ ಬಾರದಿದ್ದರೆ ಅಮ್ಮ ನಿನಗೇ ಫೋನ್ ಮಾಡುತ್ತಾಳೆ. ಹಡಗು ತಡ ಆಗಿದೆ ಅಂತ ಹೇಳು.

ಇಂತಿ,
ನಿನ್ನ ಗೆಳೆಯ