ಶುಲ್ಕ ವಿನಾಯಿತಿ ಯಾರಿಗೆ?

ಮಾನ್ಯ ಸಂಪಾದಕರೇ,

ಅಮೆರಿಕದ ಪೌರತ್ವ ಅರ್ಜಿ ಶುಲ್ಕದ ಬಗ್ಗೆ ನಿಮ್ಮಲ್ಲಿ ಬಂದ ವರದಿ ಓದಿದೆ. ಕಷ್ಟದಲ್ಲಿರುವವರಿಗೆ ಶುಲ್ಕ ವಿನಾಯಿತಿ ಇದೆ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಅದೇ ದಿನ ನನ್ನ ವಿನಾಯಿತಿ ಅರ್ಜಿ ತಿರಸ್ಕಾರವಾಗಿ ಅಂಚೆಯಲ್ಲಿ ವಾಪಸ್ ಬಂದಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ನಾನು ನ್ಯೂಜೆರ್ಸಿಯ ಎಡಿಸನ್ನಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವನು. ಅಮೆರಿಕ ಅಂದ ಕೂಡಲೇ ಊರಿನವರಿಗೆ ಸಾಫ್ಟ್‌ವೇರ್ ಸಂಬಳವೇ ಕಣ್ಮುಂದೆ ಬರುತ್ತದೆ. ಇಲ್ಲಿಯ ಓಕ್ ಟ್ರೀ ರಸ್ತೆಯ ಅಂಗಡಿ, ಹೋಟೆಲುಗಳಲ್ಲಿ ಗಂಟೆ ಲೆಕ್ಕದ ಕೂಲಿಗೆ ದುಡಿಯುವವರೂ ಇದ್ದೇವೆ ಸ್ವಾಮಿ. ಆಪರೇಷನ್ ಆದಮೇಲೆ ಹೆಂಡತಿಯ ಕೆಲಸ ಹೋಯಿತು. ಆಸ್ಪತ್ರೆ ಬಿಲ್ಲನ್ನು ಇನ್ನೂ ಕಂತಿನಲ್ಲಿ ಕಟ್ಟುತ್ತಿದ್ದೇವೆ. ಇಂಥದ್ದರಲ್ಲಿ ಅಂಚೆಯಲ್ಲಿ ಕಳಿಸುವ ಪೌರತ್ವ ಅರ್ಜಿಗೆ ಒಬ್ಬರಿಗೆ 760 ಡಾಲರ್, ಇಬ್ಬರಿಗೆ 1520. ಮನೆ ಬಾಡಿಗೆ ಕಟ್ಟೋದಾ, ಇದನ್ನು ಕಟ್ಟೋದಾ?

ವಿನಾಯಿತಿಗೆ ಐ-912 ಅನ್ನೋ ಫಾರಂ ಇದೆ. ಮನೆಯ ಆದಾಯ ಬಡತನದ ಮಿತಿಯ ಒಂದೂವರೆ ಪಟ್ಟು ದಾಟಿರಬಾರದು. 2025ರ ಲೆಕ್ಕದಲ್ಲಿ ನಾಲ್ಕು ಜನರ ಮನೆಗೆ ಅದು 48,225 ಡಾಲರ್. ಇಲ್ಲವೇ ಬಡವರ ಆರೋಗ್ಯ ವಿಮೆ ಮೆಡಿಕೇಡ್‌ನಂಥ ಸರ್ಕಾರಿ ನೆರವು ಇರಬೇಕು. ಅದೂ ಇಲ್ಲದಿದ್ದರೆ ಕಾಯಿಲೆ, ಕೆಲಸ ಹೋದದ್ದು, ಇಂಥ ಕಷ್ಟ ತೋರಿಸಬೇಕು. ನಮ್ಮ ಆದಾಯ ಮಿತಿಗಿಂತ ಸ್ವಲ್ಪ ಜಾಸ್ತಿ, ಬಿಲ್ಲು ಕಟ್ಟಿದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಟ್ಯಾಕ್ಸ್ ರಿಟರ್ನ್, ಸಂಬಳದ ಚೀಟಿ, ಬಾಡಿಗೆ ಕರಾರು, ಆಸ್ಪತ್ರೆ ಕಾಗದ ಎಲ್ಲದರ ನಕಲು ಇಟ್ಟೆ. ಅದಕ್ಕೆಲ್ಲ ಕೂಲಿ ಬಿಟ್ಟು ಓಡಾಡಿದೆ. ವಾಪಸ್ ಬಂದ ಕಟ್ಟಿನ ಮೇಲೆ ಒಂದೇ ಹಾಳೆ: ದಾಖಲೆ ಸಾಲದು. ಯಾವ ದಾಖಲೆ? ಅದನ್ನು ಬರೆದಿಲ್ಲ. ಆಸ್ಪತ್ರೆ ಬಿಲ್ಲುಗಳಿಗೆ ನಾನು ಹೊಡೆದ ಪಿನ್ನು ಹಾಗೇ ಇದೆ, ಹಾಳೆ ಮಗುಚಿದ ಗುರುತೂ ಇಲ್ಲ. ಓದಿದರೋ ಇಲ್ಲವೋ ದೇವರೇ ಬಲ್ಲ.

ವಿನಾಯಿತಿ ಸಿಗದಿದ್ದರೆ ಪೌರತ್ವ ಅರ್ಜಿಯೂ ಅದರ ಜೊತೆಗೇ ವಾಪಸ್. ಅರ್ಜಿ ತೆಗೆದುಕೊಂಡಿದ್ದರೆ ಆ ರಸೀದಿಯ ಬಲದಲ್ಲಿ ಗ್ರೀನ್ ಕಾರ್ಡಿನ ಅವಧಿ 24 ತಿಂಗಳು ಮುಂದಕ್ಕೆ ಹೋಗುತ್ತಿತ್ತು. ನನ್ನ ಕಾರ್ಡು ಇನ್ನೇನು ಮುಗಿಯುತ್ತದೆ. ಡ್ರೈವಿಂಗ್ ಲೈಸೆನ್ಸ್ ಕೆಲಸ ನಿಂತಿದೆ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಹೋಗಿ ಬರೋಣ ಅಂದರೆ ಧೈರ್ಯ ಸಾಲದು. ಹೊಸ ಕಾರ್ಡು ಮಾಡಿಸಿ ಅಂತಾರೆ, ಅದಕ್ಕೆ ಬೇರೆ 465 ಡಾಲರ್! ಪೌರತ್ವ ಅರ್ಜಿಗೆ ಅರ್ಧ ಶುಲ್ಕ 380 ಇದೆಯಲ್ಲ ಅಂತಾರೆ. ಇಬ್ಬರಿಗೆ ಅದೂ 760 ಆಯ್ತು ಅಲ್ವಾ?

ಇದೇನು ಹೊಸದಲ್ಲ. 2007ರಲ್ಲಿ 330 ಇದ್ದ ಪೌರತ್ವ ಶುಲ್ಕವನ್ನು ಒಂದೇ ಏಟಿಗೆ 595 ಮಾಡಿದರು. 2019ರಲ್ಲಿ ಸರ್ಕಾರಿ ನೆರವು ಪಡೆಯುವವರಿಗಿದ್ದ ವಿನಾಯಿತಿಯನ್ನೇ ಕಿತ್ತುಹಾಕಲು ಹೊರಟರು, ಕೋರ್ಟು ತಡೆಯಿತು. 2025ರ ಜುಲೈನ ಕಾನೂನಿನಲ್ಲಿ ಆಶ್ರಯ ಕೇಳುವ ಅರ್ಜಿಗೂ 100 ಡಾಲರ್ ಇಟ್ಟರು, ಅಂಥವರ ಮೊದಲ ಕೆಲಸದ ಪರವಾನಗಿಗೆ 550. ಇದಕ್ಕೆ ವಿನಾಯಿತಿ ಕೊಡಲೇಬಾರದು ಅಂತ ಕಾನೂನಿನಲ್ಲೇ ಬರೆದಿದ್ದಾರೆ. ಉಟ್ಟ ಬಟ್ಟೆಯಲ್ಲಿ ಓಡಿ ಬಂದವರ ಹತ್ತಿರವೂ ವಸೂಲಿ! ಅದೇ ವರ್ಷ ಅಕ್ಟೋಬರ್ ಕೊನೆಯಿಂದ ಶುಲ್ಕಕ್ಕೆ ಚೆಕ್ಕು, ಮನಿ ಆರ್ಡರ್ ಕೂಡ ಹೆಚ್ಚಿನವರಿಗೆ ನಡೆಯುವುದಿಲ್ಲ.

ನಮ್ಮವರೇನು ಕಮ್ಮಿ? ಮಂತ್ರಿಗಳು, ಶಾಸಕರು ಇಲ್ಲಿಯ ಕನ್ನಡ ಸಮ್ಮೇಳನಗಳಿಗೆ ಬರುತ್ತಾರೆ. ಪೇಟ, ಶಾಲು ಹಾಕಿಸಿಕೊಂಡು, ನಾವು ಮಾಡಿದ ಬಿಸಿಬೇಳೆಬಾತ್ ಉಂಡು ಹೋಗುತ್ತಾರೆ. ಅಡುಗೆಮನೆಯಲ್ಲಿ ಯಾರಿದ್ದಾರೆ ಅಂತ ಒಬ್ಬರೂ ಇಣುಕಿ ನೋಡಿದ್ದನ್ನು ನಾನು ಕಂಡಿಲ್ಲ.

ಅಮೆರಿಕದ ವಲಸೆ ಇಲಾಖೆಯವರು ಶುಲ್ಕ ಇಳಿಸಲಿ. ಇಲ್ಲವೇ ಯಾವ ಕಾಗದ ಬೇಕು ಅಂತ ಬಾಯಿಬಿಟ್ಟು ಹೇಳಲಿ. ಎರಡೂ ಆಗದಿದ್ದರೆ ಆ ಫಾರಂ ತೆಗೆದೇ ಬಿಡಲಿ, ಬಡವರು ಸುಮ್ನೆ ಆಸೆ ಪಡುವುದಾದರೂ ತಪ್ಪುತ್ತದೆ. ನಮ್ಮ ಸರ್ಕಾರವೂ ಕೈಕಟ್ಟಿ ಕೂರದೆ ಏನಾದರೂ ಮಾಡಬೇಕು. ಆ ಇಲಾಖೆ ನಡೆಯುವುದೇ ಹೆಚ್ಚಾಗಿ ಅರ್ಜಿ ಹಾಕುವವರ ದುಡ್ಡಿನಿಂದ. ನಮ್ಮ ದುಡ್ಡಿನಲ್ಲೇ ಸಂಬಳ ಎಣಿಸುವವರಿಗೆ ಒಂದು ಅರ್ಜಿಯನ್ನು ಬಿಡಿಸಿ ಓದಲು ಏನು ಕಷ್ಟ?

– ನೊಂದ ಓದುಗ, ಎಡಿಸನ್, ನ್ಯೂಜೆರ್ಸಿ
(ದಯವಿಟ್ಟು ಹೆಸರು ಹಾಕಬೇಡಿ)